ಇನ್ನೂರ ಹನ್ನೆರಡು ಬಿಲ್ಲೆಗಳಿಗೊಂದು ತಂತ್ರಾಂಶ

ನಿವೃತ್ತಿಯಾದ ಮೇಲೆ ಇನ್ನು ಯಾವ ವಸ್ತುವಿಗೂ ನಂಬರು ಹಾಕುವುದಿಲ್ಲ ಎಂದು ನಾನು ಮನೆಯಲ್ಲಿ ಘೋಷಿಸಿದ್ದೆ. ಮೂಡಿಗೆರೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿ ಸಾಕಾಗಿತ್ತು. ಘೋಷಣೆ ಎರಡು ಮಳೆಗಾಲ ಬಾಳಿತು. ಮೂರನೆಯ ಮಳೆಗಾಲ ಶುರುವಾಗುವ ಹೊತ್ತಿಗೆ ಕೊಟ್ಟಿಗೆಹಾರದ ಹತ್ತಿರ ಇರುವ ಡಾಕ್ಟರು ಫೋನು ಮಾಡಿದರು.

ಈ ಡಾಕ್ಟರು ನಲವತ್ತು ವರ್ಷ ಸುತ್ತಲಿನ ಎಸ್ಟೇಟುಗಳಿಗೆಲ್ಲ ಜೀಪಿನಲ್ಲಿ ಹೋಗಿ ಔಷಧ ಕೊಟ್ಟವರು. ನಮ್ಮ ಗ್ರಂಥಾಲಯಕ್ಕೆ ಹೊರಗಿನ ಓದುಗರಾಗಿ ಬರುತ್ತಿದ್ದರು. ತೆಗೆದುಕೊಂಡ ಪುಸ್ತಕವನ್ನು ಹೇಳಿದ ದಿನವೇ ವಾಪಸು ಕೊಡುತ್ತಿದ್ದ ಏಕೈಕ ಮನುಷ್ಯರಾದ್ದರಿಂದ ನನಗೆ ಅವರ ಮೇಲೆ ವಿಶೇಷ ಗೌರವ.

“ನೋಡಿ ಲೈಬ್ರರಿಯಮ್ಮ, ನಂಗೆ ಕಣ್ಣು ಹೋಗ್ತಾ ಇದೆ,” ಅಂದರು. ಜ್ವರ ಬಂದಿದೆ ಎಂದು ಬೇರೆಯವರ ಬಗ್ಗೆ ಹೇಳುವ ಧ್ವನಿಯಲ್ಲೇ ಹೇಳಿದರು. “ದೃಷ್ಟಿಯ ನಡುಭಾಗ ಹೋಗ್ತದಂತೆ. ಈ ವರ್ಷ ಕಾಫಿ ಕೊಯ್ಲು ಮುಗಿಯೋ ಹೊತ್ತಿಗೆ ಓದಕ್ಕಾಗಲ್ಲ ಅಂದಿದಾರೆ. ಅಷ್ಟರೊಳಗೆ ನನ್ನ ಬಿಲ್ಲೆಗಳಿಗೆ ಒಂದು ಕಂಪ್ಯೂಟರ್ ಕ್ಯಾಟಲಾಗ್ ಆಗ್ಬೇಕು. ಯಾವ್ದು ಯಾರ್ದು ಅಂತ ಕಣ್ಣು ಹೋದ್ಮೇಲೂ ನಾನೇ, ಯಾರನ್ನೂ ಕೇಳ್ದೆ ತಿಳ್ಕೊಳ್ಳೋ ಹಂಗಿರ್ಬೇಕು. ಅದಕ್ಕೆ ಯಾವ ಪ್ರೋಗ್ರಾಂ ಸರಿ ಅಂತ ನೀವು ಆರ್ಸಿ ಕೊಡಿ.”

ಅವರು ಹೇಳಿದ್ದು ಇಷ್ಟೇ. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆದರೂ ನನ್ನ ಕಿವಿಗೆ ಬಿದ್ದದ್ದು ‘ಕ್ಯಾಟಲಾಗ್’ ಎಂಬ ಒಂದೇ ಮಾತು. ಹಳೆಯ ಕಸುಬಿನವರ ಕಿವಿ ಹೀಗೆಯೇ ಇರುತ್ತದೆ. ಘೋಷಣೆಯನ್ನು ಅಲ್ಲೇ ಗಾಳಿಗೆ ತೂರಿ, ಮಂಗಳವಾರ ಬರುತ್ತೇನೆ ಅಂದೆ.

ಬಿಲ್ಲೆಗಳು ಫ್ರೀಮೇಸನ್ನರವು. ಅದೊಂದು ಹಳೆಯ ಸಂಘ. ಗಂಡಸರೇ ಸೇರಿ, ಒಬ್ಬರನ್ನೊಬ್ಬರು ಸಹೋದರ ಎಂದು ಕರೆದುಕೊಂಡು, ಬಾಗಿಲು ಹಾಕಿ ಸಭೆ ನಡೆಸುವಂಥದು. ಒಂದೊಂದು ಊರಿನ ಶಾಖೆಗೆ ಲಾಡ್ಜ್ ಎಂದು ಹೆಸರು, ಅದಕ್ಕೊಂದು ಸಂಖ್ಯೆ. ಅದರ ಅಧ್ಯಕ್ಷನಾಗಿ ವರ್ಷ ಪೂರೈಸಿದವನಿಗೆ, ಹೊಸ ಶಾಖೆ ಕಟ್ಟಿದವನಿಗೆ ರಿಬ್ಬನ್ ಕಟ್ಟಿದ ಪದಕ ಕೊಡುತ್ತಾರೆ, ಬೆನ್ನಿಗೆ ಅವನ ಹೆಸರು ಕೆತ್ತಿಸಿರುತ್ತಾರೆ. ಮೊದಲು ಕಲ್ಲುಕಟ್ಟಡದವರ ಸಂಘವಾಗಿತ್ತೆಂದೋ ಏನೋ, ಪದಕಗಳ ಮೇಲೆ ಗಾರೆ ಕೆಲಸದ ಸಾಮಾನುಗಳದೇ ಚಿತ್ರ: ಕೈವಾರ, ಮೂಲೆಮಟ್ಟ, ಕರಣೆ, ತೂಗುಗುಂಡು. ಕೆಲವದರ ಮೇಲೆ ಕಿರಣ ಬಿಡುವ ಒಂದು ಕಣ್ಣು. ಡಾಕ್ಟರೂ ಹಿಂದೆ ತಿಂಗಳಿಗೊಮ್ಮೆ ಘಟ್ಟ ಇಳಿದು ಇಂಥದೊಂದು ಸಭೆಗೆ ಹೋಗುತ್ತಿದ್ದರಂತೆ. ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಊಟ ಚೆನ್ನಾಗಿರ್ತಿತ್ತು,” ಅಂದರು.

ಮೊದಲ ಬಿಲ್ಲೆ ಕೊಟ್ಟವನು ಸಾಯುತ್ತಿದ್ದ ಒಬ್ಬ ಮುದಿ ಪ್ಲಾಂಟರ್. ತನ್ನ ಮಕ್ಕಳು ಇದನ್ನು ಬಿಸಾಡುತ್ತಾರೆ, ನೀವಾದರೂ ಇಟ್ಟುಕೊಳ್ಳಿ ಅಂದನಂತೆ. ಆಮೇಲೆ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಯಿತು. ವಿಧವೆಯರು ಕೊಟ್ಟರು, ಬಂಗಲೆ ಖಾಲಿ ಮಾಡುವವರು ಕೊಟ್ಟರು, ಗುಜರಿ ಅಂಗಡಿಯವನೊಬ್ಬ ತೂಕಕ್ಕೆ ಹಾಕದೆ ತೆಗೆದಿಟ್ಟು ತಂದುಕೊಟ್ಟ. ಒಟ್ಟು ಇನ್ನೂರ ಹನ್ನೆರಡು. ಎಸ್ಟೇಟ್ ಬಡಗಿ ಮಾಡಿದ ಒಂಬತ್ತು ಮರದ ಟ್ರೇಗಳಲ್ಲಿ, ಬಂದ ವರಸೆಯಲ್ಲೇ ಜೋಡಿಸಿದ್ದರು. ಪ್ರತಿ ಬಿಲ್ಲೆಯ ಅಡಿಯಲ್ಲಿ ಅವರ ಕೈಬರಹದ ಒಂದು ಚೀಟಿ.

ನಾನು ಮೊದಲ ದಿನ ಓದಿದ ಚೀಟಿ ನೆನಪಿದೆ. ಅದನ್ನು ಓದಲು ಕಾಲು ಗಂಟೆ ಹಿಡಿದದ್ದರಿಂದ ನೆನಪಿದೆ. ಡಾಕ್ಟರುಗಳ ಅಕ್ಷರ ಗೊತ್ತಲ್ಲ. ಹೆಸರು, ಲಾಡ್ಜಿನ ಸಂಖ್ಯೆ, ಯಾರ ಕೈಯಿಂದ ಬಂತು. ಅದರ ಕೆಳಗೆ: ‘ಮೂರು ಹೆಣ್ಣುಮಕ್ಕಳು. ಕುದುರೆ ಎಂದರೆ ಹೆದರಿಕೆ, ಯಾರಿಗೂ ಹೇಳಿರಲಿಲ್ಲ. ಕೊನೆಗೆ ಮಲೇರಿಯ.’

“ಕೊನೆಯ ಸಾಲು ಬೇಕಾ?” ಎಂದು ಕೇಳಿದೆ.

“ಅದಕ್ಕೇ ಅಲ್ವಾ ಇಟ್ಕೊಂಡಿರೋದು,” ಅಂದರು. “ಬೆಳ್ಳಿ ನೋಡಕ್ಕೆ ಯಾರು ಇಡ್ತಾರೆ. ಇವ್ರೆಲ್ಲಾ ನಂಗೆ ಜನ. ಕಣ್ಣು ಹೋದ್ಮೇಲೂ ಮಾತಾಡ್ಸ್ಬೇಕು ಇವ್ರನ್ನ.”

ಡಾಕ್ಟರ ಹೆಂಡತಿ ಕಾಫಿ ತಂದು, ಲೋಟ ಇಡುತ್ತ, “ಜೀವಂತ ಇರೋರ ಹತ್ರ ಇಷ್ಟು ಮಾತಾಡಿದ್ರೆ ನಾ ಯಾವತ್ತೋ ಉದ್ಧಾರ ಆಗ್ತಿದ್ದೆ ಮಾರಾಯ್ತಿ,” ಎಂದು ನನ್ನ ಕಡೆ ಕಣ್ಣು ಹೊಡೆದರು. ಎಪ್ಪತ್ತು ದಾಟಿದ ಹೆಂಗಸು, ಮಾತಿಗೆ ಕೂತರೆ ಬಸ್ಸು ತಪ್ಪಿಸುವಂಥವರು. ಆ ಮನೆಯ ಜಗಲಿಯಲ್ಲಿ ನನಗೆ ತಕ್ಷಣ ಇಷ್ಟವಾದದ್ದು ಅವರೇ.

ಮೂಡಿಗೆರೆಯಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿರುವ ಒಬ್ಬಾಕೆ ನನಗೆ ಪರಿಚಯ. ಕಾಲೇಜಿನ ಪ್ರಶ್ನೆಪತ್ರಿಕೆಗಳಿಂದ ಹಿಡಿದು ಮದುವೆ ಕಾಗದದವರೆಗೆ ಎಲ್ಲ ಅವಳ ಕೈಯಲ್ಲೇ ಆಗುವುದು. ಅವಳಿಗೆ ವಿಷಯ ಹೇಳಿದೆ. ಸ್ಟೇಪ್ಲರ್ ಹೊಡೆಯುವುದನ್ನು ನಿಲ್ಲಿಸದೆಯೇ, “ಒಂದು ಸ್ಪ್ರೆಡ್‌ಶೀಟ್ ಸಾಕು ಮೇಡಂ. ಒಂದ್ಕಡೆ ನಂಬರು, ಒಂದ್ಕಡೆ ಚೀಟಿಲಿರೋದು,” ಅಂದಳು. ಕಿರಾಣಿ ಅಂಗಡಿಯ ಪಟ್ಟಿಗೂ ಕ್ಯಾಟಲಾಗಿಗೂ ವ್ಯತ್ಯಾಸ ಗೊತ್ತಿಲ್ಲದವರು ಎಂದು ಮನಸ್ಸಿನಲ್ಲೇ ಅಂದುಕೊಂಡು, ಬೇರೆ ಏನೇನು ಸಿಗುತ್ತದೋ ಇಳಿಸಿಕೊಡು ಎಂದೆ. ಡಾಕ್ಟರ ಲ್ಯಾಪ್‌ಟಾಪಿಗೆ ಅವಳು ಒಂದಾದ ಮೇಲೊಂದು ತುಂಬಿಸಿಕೊಟ್ಟಳು.

ಮೊದಲನೆಯದು ನಾಣ್ಯ ಸಂಗ್ರಹಿಸುವವರ ಪ್ರೋಗ್ರಾಂ. ಪದಕಕ್ಕೂ ನಾಣ್ಯಕ್ಕೂ ಎಷ್ಟೋ ಹೋಲಿಕೆ ಇದೆಯಲ್ಲ, ದುಂಡಗಿದೆ, ಲೋಹದ್ದು, ಎರಡು ಮುಖ ಎಂದು ಆರಿಸಿಕೊಂಡೆ. ಅದು ಪ್ರತಿಯೊಂದಕ್ಕೂ ಮುಖಬೆಲೆ ಕೇಳಿತು. ಸೊನ್ನೆ ಹಾಕಿದರೆ ಕೆಂಪು ಬಣ್ಣ ತೋರಿಸಿ ಒಪ್ಪಲಿಲ್ಲ. ಮುದ್ರಿಸಿದ ರಾಜನ ಹೆಸರು ಕೇಳಿತು. ಎರಡು ವಾರ ಅದರ ಜೊತೆ ಗುದ್ದಾಡಿ ಬಿಟ್ಟೆ.

ಎರಡನೆಯದು ಗ್ರಂಥಾಲಯದ್ದು. ಅದನ್ನು ತೆರೆದಾಗ ತವರಿಗೆ ಬಂದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೆ ಲೇಖಕನ ಹೆಸರು ಕಡ್ಡಾಯ. ಪದಕಕ್ಕೆ ಲೇಖಕ ಯಾರು? ಎರಕ ಹೊಯ್ದವನೋ, ಕೊಟ್ಟ ಲಾಡ್ಜೋ, ಪಡೆದವನೋ? ಈ ಪ್ರಶ್ನೆಯ ಮೇಲೆ ನಾನು ಆಷಾಢ ಪೂರ್ತಿ ಕಳೆದೆ. ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡಿ ಚರ್ಚಿಸಿದೆ. ಬಹಳ ಸುಖವಾಗಿತ್ತು.

ಮೂರನೆಯದು ವಿದೇಶದ ವಸ್ತುಸಂಗ್ರಹಾಲಯಗಳು ಬಳಸುವಂಥದು. ಒಂದು ವಸ್ತುವಿಗೆ ಅರವತ್ತು ಖಾನೆ. ಉತ್ಖನನ ನಡೆದ ಸ್ಥಳ, ಬುಡಕಟ್ಟು, ಮಣ್ಣಿನ ಪದರ. ಅದರ ಎದುರು ಕೂತರೆ ನನಗೇ ಒಂದು ಗಾಂಭೀರ್ಯ ಬರುತ್ತಿತ್ತು. ಆದರೆ ಕೊಟ್ಟಿಗೆಹಾರದ ಕರೆಂಟಿನ ಮೇಲೆ ಅದಕ್ಕೆ ನಂಬಿಕೆ ಇರಲಿಲ್ಲ. ಪ್ರತಿ ಸಲ ಕರೆಂಟು ಹೋಗಿ ಬ್ಯಾಟರಿ ಇಳಿದಾಗ ಮೊದಲಿನಿಂದ ಶುರು.

ನಾಲ್ಕನೆಯದು ಸಂಗ್ರಾಹಕರಿಗೆಂದೇ ಮಾಡಿದ್ದು. ಕೊಳ್ಳುವ ಮುಂಚೆ ಪರೀಕ್ಷೆಗೆ ಐವತ್ತು ವಸ್ತುಗಳನ್ನು ಸೇರಿಸಲು ಬಿಡುತ್ತಿತ್ತು. ಎರಡೂ ಮುಖದ ಫೋಟೋ ಪರದೆಯ ತುಂಬ ಬರುತ್ತಿತ್ತು, ಬೆರಳಿಟ್ಟು ಹಿಗ್ಗಿಸಿದರೆ ಕೆತ್ತನೆಯ ಗೀರು ಕೂಡ ಕಾಣುತ್ತಿತ್ತು. ನಾನು ಐವತ್ತು ಬಿಲ್ಲೆಗಳನ್ನು ಹಾಕಿದೆ. ಹೆಸರು, ಲೋಹ, ವ್ಯಾಸ, ರಿಬ್ಬನ್ನಿನ ಬಣ್ಣ, ಪಿನ್ನಿನ ಬಗೆ. ಚೀಟಿಗಳಲ್ಲಿದ್ದ ಕುದುರೆ, ಮಲೇರಿಯ, ಹೆಣ್ಣುಮಕ್ಕಳ ವಿಷಯಕ್ಕೆ ಅದರಲ್ಲಿ ಖಾನೆ ಇರಲಿಲ್ಲ. ಇದ್ದರೂ ಹಾಕುತ್ತಿದ್ದೆನೋ ಇಲ್ಲವೋ. ವಸ್ತುವಿನ ವಿವರಣೆಗೆ ಅದು ಹೊರಗಿನ ವಿಷಯ ಎಂದು ನನಗೆ ಕಲಿಸಿದ್ದರು. ಆಮೇಲೆ ನೋಡೋಣ ಎಂದು ಚೀಟಿಗಳನ್ನು ಅವುಗಳ ಜಾಗದಲ್ಲೇ ಬಿಟ್ಟೆ.

ಹೀಗೆ ಜೂನಿನಲ್ಲಿ ಶುರುವಾದದ್ದು ಸೆಪ್ಟೆಂಬರಿಗೆ ಬಂತು. ಮಂಗಳವಾರ, ಶುಕ್ರವಾರ ಬೆಳಗಿನ ಬಸ್ಸಿಗೆ ಹೋಗುವುದು, ಜಗಲಿಯ ಮೇಜಿನ ಮೇಲೆ ಟ್ರೇ ಹರಡಿಕೊಂಡು ಕೂರುವುದು, ಸಂಜೆಯ ಬಸ್ಸಿಗೆ ವಾಪಸು. ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು:

“ಎಂತಾಯ್ತು, ಬರ್ಕೊಳ್ಳೋದು ಯಾವಾಗ ಶುರು ಮಾಡಣ?”

“ಮೊದ್ಲು ಯಾವ ಪ್ರೋಗ್ರಾಂ ಅಂತ ತೀರ್ಮಾನ ಆಗ್ಲಿ ಡಾಕ್ಟ್ರೇ. ತಪ್ಪಾದ್ರಲ್ಲಿ ಹಾಕಿದ್ರೆ ಆಮೇಲೆ ಎಲ್ಲಾ ಬದಲಾಯಿಸ್ಬೇಕಾಗ್ತದೆ.”

“ಸರಿ, ಸರಿ. ನಿಮಗೆ ಗೊತ್ತಿರ್ತದೆ.”

ಆ ದಿನಗಳಲ್ಲಿ ಅವರು ಮಾತಾಡುವಾಗ ನನ್ನ ಮುಖ ನೋಡದೆ ನನ್ನ ಕಿವಿಯ ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದರು. ನನ್ನ ಮೇಲೆ ಬೇಸರವಾಗಿದೆ ಎಂದುಕೊಂಡು ನಾನೂ ಸ್ವಲ್ಪ ಮುಖ ಬಿಗಿದುಕೊಂಡಿದ್ದೆ. ದೃಷ್ಟಿಯ ನಡುಭಾಗ ಹೋದವರು ಎದುರಿನವರ ಮುಖ ಕಾಣಬೇಕಾದರೆ ಪಕ್ಕಕ್ಕೇ ನೋಡಬೇಕು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅವರು ನನ್ನನ್ನು ನೋಡಲು ಪ್ರಯತ್ನಪಡುತ್ತಿದ್ದರು.

ಗಣೇಶನ ಹಬ್ಬ ಕಳೆದ ಮೇಲೆ ನಾನೊಂದು ಡ್ರಾಯಿಂಗ್ ಹಾಳೆಯ ಮೇಲೆ ನಾಲ್ಕೂ ಪ್ರೋಗ್ರಾಂಗಳನ್ನು ಹೋಲಿಸಿ ಕೋಷ್ಟಕ ಬರೆದೆ. ಇಪ್ಪತ್ಮೂರು ಸಾಲು. ಹುಡುಕುವ ವೇಗ, ಫೋಟೋದ ಗುಣ, ಬ್ಯಾಕಪ್, ಮುದ್ರಣ, ಕನ್ನಡ ಅಕ್ಷರ ಬರುತ್ತದೋ ಇಲ್ಲವೋ, ಹೀಗೆ. ಅದನ್ನು ಮಡಚಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಜೋಪಾನವಾಗಿ ಒಯ್ದು ಡಾಕ್ಟರ ಎದುರು ಬಿಚ್ಚಿದೆ. ಅವರು ಹಾಳೆಯ ಅಂಚು ಸವರಿ, “ಓದಿ ಹೇಳಿ,” ಅಂದರು. ಇಪ್ಪತ್ಮೂರನ್ನೂ ಓದಿದೆ. ಕೊನೆಯವರೆಗೆ ಕೇಳಿಸಿಕೊಂಡು, “ಚೆನ್ನಾಗಿದೆ,” ಅಂದರು. ಅವರು ಮೊದಲ ದಿನ ಫೋನಿನಲ್ಲಿ ಹೇಳಿದ ಒಂದೇ ಒಂದು ಷರತ್ತು ಆ ಇಪ್ಪತ್ಮೂರರಲ್ಲಿ ಇರಲಿಲ್ಲ. ಓದಿ ಹೇಳುತ್ತಿದ್ದ ನನಗೂ ಅದು ಹೊಳೆಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ನವರಾತ್ರಿ ಬಂತು.

ಸ್ವಂತ ಕಾಫಿ ತೋಟ ಇರುವ ಆ ಮನೆಯಲ್ಲಿ ಆಯುಧ ಪೂಜೆ ಜೋರು. ಚಿಗುರು ಸವರುವ ಕತ್ತಿ, ಗುದ್ದಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಜೀಪು, ಡಾಕ್ಟರ ಹಳೆಯ ಸ್ಟೆಥಸ್ಕೋಪು, ಸಿರಿಂಜು ಕುದಿಸುವ ಡಬ್ಬಿ, ಎಲ್ಲಕ್ಕೂ ಕುಂಕುಮ. ಹಿಂದಿನ ವರ್ಷಗಳಲ್ಲಿ ಬಿಲ್ಲೆಯ ಟ್ರೇಗಳು ಡಾಕ್ಟರ ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಇರುತ್ತಿದ್ದವು. ಈ ವರ್ಷ ನನ್ನ ಅನುಕೂಲಕ್ಕೆಂದು ಜಗಲಿಯ ಮೇಜಿನ ಮೇಲೇ ಇದ್ದವು. ಹಬ್ಬದ ಮುಂಚಿನ ದಿನ ಮನೆಯೊಡತಿ ಅವನ್ನು ಕೈಗೆತ್ತಿಕೊಂಡು ನೋಡಿದರಂತೆ. ಕೈವಾರ, ಕರಣೆ, ಮೂಲೆಮಟ್ಟ. ಆಯುಧಗಳೇ ತಾನೆ! ಇಷ್ಟು ವರ್ಷ ಇವಕ್ಕೆ ಪೂಜೆಯೇ ಆಗಿಲ್ಲ. ಗಂಡ ಬೇರೆ ಮಂಕಾಗಿ ಕೂತಿದ್ದಾರೆ, ಕಣ್ಣಿಗೂ ಇದೇ ದೋಷವೋ ಏನೋ.

ಹಬ್ಬದ ಮರುದಿನ ನಾನು ಹೋದಾಗ ಜಗಲಿಯಲ್ಲಿ ದೊಡ್ಡ ಹರಿವಾಣ. ಅದರ ತುಂಬ ಇನ್ನೂರ ಹನ್ನೆರಡು ಬಿಲ್ಲೆಗಳು ರಾಶಿಯಾಗಿ ಹೊಳೆಯುತ್ತಿದ್ದವು. ರಿಬ್ಬನ್ನುಗಳನ್ನು ಬಿಚ್ಚಿ ಒಗೆದು ಹಗ್ಗಕ್ಕೆ ಹಾಕಿದ್ದರು. ಬಿಲ್ಲೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು, ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು, ಮೇಲೆ ಸೇವಂತಿಗೆ ಇಟ್ಟಿದ್ದರು. ಪಕ್ಕದಲ್ಲಿ ಲ್ಯಾಪ್‌ಟಾಪು, ಅದರ ಮುಚ್ಚಳಕ್ಕೂ ವಿಭೂತಿಯ ಮೂರು ಗೆರೆ.

“ಹೆಂಗಿದೆ ಮಾರಾಯ್ತಿ? ಮೂರು ಜನ ಸೇರಿ ತಿಕ್ಕಿದ್ದು. ಕಿಲುಬೆಲ್ಲಾ ಹೋಯ್ತು ನೋಡು,” ಅಂದರು ಅವರು. ಮುಖದ ತುಂಬ ಖುಷಿ.

“ಬಿಲ್ಲೆಗಳ ಅಡೀಲಿ ಚೀಟಿ ಇದ್ವಲ್ಲ?”

“ಯಾವ್ದು, ಆ ಮದ್ದಿನ ಚೀಟಿಗಳಾ? ಅವ್ರ ಅಕ್ಷರ ಯಾರಿಗೆ ಓದಕ್ಕಾಗ್ತದೆ. ಹಳೇ ಪೇಷೆಂಟುಗಳ ಮದ್ದಿನ ಚೀಟಿ ಟ್ರೇಗೆ ಹಾಸಿದಾರೆ ಅಂದ್ಕೊಂಡೆ. ಬಚ್ಚಲ ಒಲೆಗೆ ಹಾಕ್ದೆ.”

ಆ ಹೊತ್ತಿಗೆ ನಾನು ಬಾಯಿ ಬಿಚ್ಚಲೇಬಾರದಿತ್ತು. ಕೇಳದೆ ಮುಟ್ಟಿದ್ದು ಯಾಕೆ, ಇಷ್ಟು ವರ್ಷದ ಕೆಲಸ ಒಂದು ಹಂಡೆ ನೀರು ಕಾಯಿಸುವುದಕ್ಕೆ ಹೋಯಿತಲ್ಲ, ಓದುಬರಹ ಬಲ್ಲವರು ಮಾಡುವ ಕೆಲಸವಾ ಇದು ಎಂದೆಲ್ಲ ಅಂದೆ. ನನಗಿಂತ ಹತ್ತು ವರ್ಷ ದೊಡ್ಡವರಿಗೆ, ಅವರ ಮನೆಯ ಜಗಲಿಯಲ್ಲೇ ನಿಂತು. ಅವರ ಮುಖದ ಖುಷಿ ಇಳಿದುಹೋಗುವುದನ್ನು ನೋಡುತ್ತಲೇ ಅಂದೆ.

ಡಾಕ್ಟರು ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ಹರಿವಾಣದ ಮುಂದೆ ಕೂತು ಒಂದು ಬಿಲ್ಲೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದರು. ಇಟ್ಟರು. ಇನ್ನೊಂದು ತೆಗೆದರು. ಅಲ್ಲಿಯವರೆಗೆ ಅವರು ಬಿಲ್ಲೆಗಳನ್ನು ಗುರುತಿಸುತ್ತಿದ್ದದ್ದು ಇರುವ ಜಾಗದಿಂದ: ಮೂರನೇ ಟ್ರೇ, ಎರಡನೇ ಸಾಲು, ನಾಲ್ಕನೆಯದು. ಈಗ ಜಾಗವೂ ಇಲ್ಲ, ಚೀಟಿಯೂ ಇಲ್ಲ.

“ಅವ್ಳಿಗ್ಯಾಕೆ ಬೈತೀರಿ,” ಅಂದರು ನನ್ನ ಕಿವಿಯ ಪಕ್ಕಕ್ಕೆ ನೋಡುತ್ತ. ದನಿ ಏರಿಸಲಿಲ್ಲ. “ನಾಕು ತಿಂಗ್ಳು ಇವು ನಿಮ್ಮೆದ್ರಿಗೇ ಇದ್ವಲ್ಲ.”

ಲ್ಯಾಪ್‌ಟಾಪಿನಲ್ಲಿ ಐವತ್ತು ಬಿಲ್ಲೆಗಳ ಲೋಹ, ವ್ಯಾಸ, ಪಿನ್ನಿನ ಬಗೆ ಇತ್ತು. ಅವರಿಗೆ ಬೇಕಾದದ್ದು ಒಂದಕ್ಷರವೂ ಇರಲಿಲ್ಲ. ದಿನಕ್ಕೆ ಹತ್ತು ಚೀಟಿಯಂತೆ ಸುಮ್ಮನೆ ನಕಲು ಮಾಡಿದ್ದರೂ ಆಗಸ್ಟಿನೊಳಗೆ ಮುಗಿಯುತ್ತಿತ್ತು.

ಸಂಜೆ ಬಸ್ಸಿಳಿದು ನೆಟ್ಟಗೆ ಡಿಟಿಪಿ ಅಂಗಡಿಗೆ ಹೋಗಿ ಎಲ್ಲ ಹೇಳಿಕೊಂಡೆ. ಅವಳು ಈ ಸಲ ಸ್ಟೇಪ್ಲರ್ ಕೆಳಗಿಟ್ಟಳು.

“ಮೇಡಂ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವ್ರಿಗೆ ಕಾಣದಿಲ್ಲ ಅಂತೀರಿ. ಅಷ್ಟು ದೊಡ್ಡ ದೊಡ್ಡ ಫೋಟೋ ಯಾರಿಗೆ?”

ಬೇಜಾರು ಮಾಡಿಕೊಳ್ಳುವ ಹಕ್ಕು ನನಗೆ ಉಳಿದಿರಲಿಲ್ಲ. ಆ ವಾರವೇ ಅವಳು ಒಂದು ಸಾದಾ ಡೇಟಾಬೇಸ್ ಮಾಡಿಕೊಟ್ಟಳು. ಮಾಡಲು ಒಂದು ಮಧ್ಯಾಹ್ನ ಹಿಡಿಯಿತು. ಎರಡೇ ಖಾನೆ: ನಂಬರು, ವಿವರ. ನಂಬರು ಒತ್ತಿ ಎಂಟರ್ ಹೊಡೆದರೆ ವಿವರವನ್ನು ಯಂತ್ರ ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತದೆ. ನಂಬರು ಒತ್ತುವುದಕ್ಕೆ ಬೇರೆ ಒಂದು ಕೀಲಿಮಣೆ, ಅದರ ಐದರ ಮೇಲೊಂದು ಸಣ್ಣ ಉಬ್ಬು, ಬೆರಳಿಗೆ ಜಾಗ ಸಿಗಲಿ ಎಂದು. ನಾನು ಹಟ ಮಾಡಿ ‘ತೂಕ’ ಎಂದು ಮೂರನೆಯ ಖಾನೆ ಹಾಕಿಸಿದೆ. ಪೂರ್ತಿ ಸೋಲೊಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ. ಆ ಖಾನೆಯನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಅಂದಿನಿಂದ ಭಾನುವಾರ ಬಿಟ್ಟು ದಿನಾ ಹೋದೆ. ಡಾಕ್ಟರು ಒಂದು ಬಿಲ್ಲೆ ಎತ್ತಿಕೊಳ್ಳುವುದು, ನಾನು ಬೆನ್ನಿನ ಕೆತ್ತನೆ ಓದುವುದು, ಅವರು ಹೇಳುವುದು, ನಾನು ಒಂದು ಹಳೆಯ ಚೆಕ್‌ರೋಲ್ ಪುಸ್ತಕದಲ್ಲಿ ಬರೆದುಕೊಳ್ಳುವುದು. ಎಸ್ಟೇಟ್ ಆಳುಗಳ ಹಾಜರಿ ಬರೆಯುವ ಆ ಉದ್ದನೆಯ ಪುಸ್ತಕದಲ್ಲಿ ಹೆಸರಿನ ಮುಂದೆ ಜಾಗ ಬೇಕಾದಷ್ಟಿರುತ್ತದೆ. ಕುದುರೆಗೆ ಹೆದರುತ್ತಿದ್ದವನು ಸಿಕ್ಕಿದ. ಹೆಂಡತಿಗೆ ಹೇಳದೆ ಅತ್ತಿಗುಂಡಿಯಲ್ಲಿ ಗುಲಾಬಿ ತೋಟ ಮಾಡಿ, ಅವಳ ಹುಟ್ಟುಹಬ್ಬದ ಹಿಂದಿನ ದಿನ ತೀರಿಕೊಂಡವನು ಸಿಕ್ಕಿದ. ಆದರೆ ಹುಣಸೆಹಣ್ಣಿಗಿಂತ ಮೊದಲೇ ಸವೆದಿದ್ದ ಕೆತ್ತನೆಗಳಿದ್ದವು, ಹೆಸರೇ ಕೆತ್ತದವು ಇದ್ದವು. ಅವು ಕೈಗೆ ಬಂದಾಗ ಡಾಕ್ಟರು ಬಹಳ ಹೊತ್ತು ಹಿಡಿದುಕೊಂಡು ಕೂರುತ್ತಿದ್ದರು. “ಇವ್ನು ನಂಗೆ ಗೊತ್ತು,” ಅನ್ನುವರು. “ಚೀಟಿಲಿ ಬರ್ದಿದ್ದೆ.” ನಾನು ತಲೆ ತಗ್ಗಿಸಿ ಪುಸ್ತಕ ನೋಡುತ್ತಿದ್ದೆ.

ಮನೆಯೊಡತಿ ಮಾತು ನಿಲ್ಲಿಸಿದ್ದರು. ಕಾಫಿ ತಂದಿಟ್ಟು ಒಳಗೆ ಹೋಗುವುದು, ಅಷ್ಟೆ. ನಾನು ಕ್ಷಮೆ ಕೇಳಿದೆ. “ನೀ ಅಂದಿದ್ರಲ್ಲಿ ತಪ್ಪೆಂತ ಇದೆ ಮಾರಾಯ್ತಿ. ಸುಟ್ಟೋಳು ನಾನೇ ಅಲ್ವಾ,” ಎಂದು ಲೋಟ ತೆಗೆದುಕೊಂಡು ಹೋದರು. ಜಗಲಿಯಲ್ಲಿ ಆಮೇಲೆ ಕೂರಲೇ ಇಲ್ಲ.

ಒಂದು ದಿನ ಅವರು ಬಿಸ್ಕತ್ತಿನ ಡಬ್ಬವೊಂದನ್ನು ತಂದು ಮೇಜಿನ ಮೇಲಿಟ್ಟರು. ಒಳಗೆ ಹಿತ್ತಾಳೆಯ ಟೋಕನ್‌ಗಳು. ಮಲ್ಲಂದೂರಿನ ಕಡೆ ಇದ್ದ ಅವರ ತವರಿನ ತೋಟದಲ್ಲಿ, ಹಿಂದೆ ಕೊಯ್ಲಿನ ಕಾಲದಲ್ಲಿ ಯಾರ ಹಣ್ಣಿನ ಚೀಲ ಯಾವುದು ಎಂದು ಗುರುತಿಗೆ ಕಟ್ಟುತ್ತಿದ್ದಂಥವು. ಒಂದೊಂದರ ಮೇಲೂ ಅಚ್ಚು ಹೊಡೆದು ಆಳವಾಗಿ ಇಳಿಸಿದ ನಂಬರು, ಮೇಲೊಂದು ತೂತು. “ಬೆಳಕಿಲ್ದಾಗ ಅಪ್ಪಯ್ಯ ಬೆರಳಲ್ಲೇ ಓದ್ತಿದ್ರು,” ಅಂದರು, ಅಷ್ಟೇ. ಡಾಕ್ಟರು ಒಂದನ್ನು ತೆಗೆದುಕೊಂಡು ಹೆಬ್ಬೆರಳು ಆಡಿಸಿದರು. “ಎಂಬತ್ತೇಳು.” ಸರಿಯಾಗಿತ್ತು.

ನನ್ನ ನಾಲ್ಕು ತಿಂಗಳ ಹುಡುಕಾಟದಲ್ಲಿ ಸಿಗದಿದ್ದದ್ದು ಈ ಡಬ್ಬದಲ್ಲಿತ್ತು. ಟೋಕನ್‌ಗಳಲ್ಲಿ ನಡುನಡುವೆ ಎಷ್ಟೋ ಕಳೆದುಹೋಗಿದ್ದವು, ಹಾಗಾಗಿ ನಮ್ಮ ಕ್ಯಾಟಲಾಗಿನಲ್ಲಿ ಹನ್ನೆರಡರ ಮೇಲೆ ಹದಿನೇಳು ಬರುತ್ತದೆ, ಕೊನೆಯ ನಂಬರು ಮುನ್ನೂರು ದಾಟುತ್ತದೆ. ಇಂಥ ಕ್ಯಾಟಲಾಗನ್ನು ನನ್ನ ಕೆಲಸದ ಕಾಲದಲ್ಲಿ ಯಾರಾದರೂ ಮಾಡಿದ್ದರೆ ಮೆಮೋ ಕೊಡುತ್ತಿದ್ದೆ. ಇನ್ನೂರ ಹನ್ನೆರಡು ಬಿಲ್ಲೆಗಳಿಗೂ ಮನೆಯೊಡತಿಯೇ ದಾರ ಪೋಣಿಸಿ ಟೋಕನ್ ಕಟ್ಟಿದರು. ಅಡಿಗೆಮನೆಯ ಬಾಗಿಲಲ್ಲಿ ಕೂತು, ನಮ್ಮ ಕಡೆ ಬೆನ್ನು ಹಾಕಿ ಕಟ್ಟಿದರು.

ಕೊಯ್ಲು ಶುರುವಾಗುವ ಹೊತ್ತಿಗೆ ಡಾಕ್ಟರಿಗೆ ದೊಡ್ಡ ಅಕ್ಷರವೂ ಕಾಣದಾಯಿತು. ಕ್ಯಾಟಲಾಗು ಅದಕ್ಕೆ ಎಂಟು ದಿನ ಮುಂಚೆ ಮುಗಿದಿತ್ತು. ಅವರು ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು, ಟೋಕನ್ ಸವರಿ, ನಂಬರು ಒತ್ತಿ ಕೇಳುತ್ತ ಕೂರುತ್ತಿದ್ದರು. ಯಂತ್ರದ ಹೆಂಗಸಿನ ಧ್ವನಿ ಇಂಗ್ಲಿಷರ ಹೆಸರುಗಳನ್ನು ಎಲ್ಲೆಲ್ಲಿಗೋ ಎಳೆಯುತ್ತಿತ್ತು. ಅದಕ್ಕೆ ಅವರು ನಗುತ್ತಿದ್ದರು. “ನನ್ನ ಹೆಂಡ್ತಿಗಿಂತ ಇವ್ಳು ವಾಸಿ. ಕೇಳಿದ್ದಕ್ಕೆ ಮಾತ್ರ ಉತ್ರ,” ಎಂದು ಒಳಗೆ ಕೇಳುವಂತೆ ಅಂದರು. ಒಳಗಿನಿಂದ ಉತ್ತರ ಬರಲಿಲ್ಲ. ಮೊದಲಾಗಿದ್ದರೆ ನಾಲ್ಕು ಬರುತ್ತಿತ್ತು.

ಮೂವತ್ತೊಂದು ಬಿಲ್ಲೆಗಳ ಮನುಷ್ಯರು ಕೊನೆಗೂ ಸಿಗಲಿಲ್ಲ. ಅವುಗಳ ವಿವರದಲ್ಲಿ ನಾನು ಪದ್ಧತಿಯಂತೆ ‘ಮಾಹಿತಿ ಇಲ್ಲ’ ಎಂದು ಹಾಕಿದ್ದೆ. ಒಂದು ಶುಕ್ರವಾರ ಅಂಥದೊಂದು ನಂಬರು ಬಂತು. ಯಂತ್ರ ಹೇಳಿದ್ದನ್ನು ಕೇಳಿ ಡಾಕ್ಟರು ತಲೆ ಆಡಿಸಿದರು.

“ಇದನ್ನ ಬದಲಾಯ್ಸಿ. ಇಲ್ಲ ಅನ್ನೋದು ಸುಳ್ಳು. ಇತ್ತು.”

ಆಯಿತು ಅಂದೆ. ಅವರು ಮಧ್ಯಾಹ್ನದ ನಿದ್ದೆಗೆ ಹೋದ ಮೇಲೆ ಕೂತು ಬದಲಾಯಿಸಿದೆ. ಮೂವತ್ತೊಂದನ್ನೂ ಒಂದೇ ಸಲಕ್ಕೆ ಬದಲಿಸುವ ಉಪಾಯವನ್ನು ಡಿಟಿಪಿಯವಳು ಹೇಳಿಕೊಟ್ಟಿದ್ದಳು. ಆದರೂ ಒಂದೊಂದನ್ನೇ ತೆರೆದು ಕೈಯಾರೆ ಟೈಪ್ ಮಾಡಿದೆ. ಕ್ಯಾಟಲಾಗ್ ಮಾಡುವವರು ತಮ್ಮ ಸುಳಿವನ್ನು ಕ್ಯಾಟಲಾಗಿನಲ್ಲಿ ಎಲ್ಲೂ ಬಿಡಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಇಪ್ಪತ್ತೊಂಬತ್ತು ವರ್ಷ ಅದನ್ನು ಪಾಲಿಸಿದ್ದೆ.

ಡಾಕ್ಟರು ಎದ್ದು ಬಂದು ಕೂತು ಅದೇ ಬಿಲ್ಲೆಯನ್ನು ಹುಡುಕಿ ತೆಗೆದರು. ನಂಬರು ಒತ್ತಿದರು. ಧ್ವನಿ ತನ್ನ ಎಂದಿನ ಏರಿಳಿತವಿಲ್ಲದ ರೀತಿಯಲ್ಲಿ ಓದಿತು:

“ಇವರ ಮಾಹಿತಿ ಇತ್ತು. ಕ್ಯಾಟಲಾಗ್ ಮಾಡಿದವಳು ಸಮಯಕ್ಕೆ ಬರೆದುಕೊಳ್ಳಲಿಲ್ಲ. ತಪ್ಪು ಅವಳದು, ಬೇರೆ ಯಾರದೂ ಅಲ್ಲ.”

ನಾನು ಎದುರಿನ ಕಣದಲ್ಲಿ ಹರಡಿದ್ದ ಕಾಫಿ ಹಣ್ಣನ್ನು ನೋಡುತ್ತ ಕೂತೆ. ಆಮೇಲೆ ಡಾಕ್ಟರ ಕೈ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಸ್ಪೀಕರಿನ ಪಕ್ಕ ತಡಕಾಡಿ ಧ್ವನಿಯ ಗುಂಡಿಯನ್ನು ಹುಡುಕಿ ಕೊನೆಯವರೆಗೂ ತಿರುಗಿಸಿತು.

“ಇದೇನು ಡಾಕ್ಟ್ರೇ?”

“ಅವ್ಳಿಗೂ ಕೇಳ್ಲಿ,” ಅಂದರು. “ನವರಾತ್ರಿಯಿಂದ ಅಡಿಗೆಮನೇಲೇ ಕೂತಿದಾಳೆ.”

ಎಂಟರ್ ಮತ್ತೊಮ್ಮೆ ಒತ್ತಿದರು. ಮೂರನೆಯ ವಾಕ್ಯ ಮುಗಿಯುವಷ್ಟರಲ್ಲಿ ಒಳಗೆ ಪಾತ್ರೆಯ ಸದ್ದು ನಿಂತಿತು.